ವಿಜ್ಞಾನದ ಸುದ್ದಿ ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆಗಳು

ವಿಜ್ಞಾನ, ತಂತ್ರಜ್ಞಾನ, ಬಾಹ್ಯಾಕಾಶದ ಸುದ್ದಿಗಳನ್ನು ನಾನು ದಿನವೂ ಓದುತ್ತೇನೆ. ಅದು ಗೊತ್ತಿರುವ ಬಂಧುಗಳು, ಸ್ನೇಹಿತರು, ಜೊತೆಯಲ್ಲಿ ಕೆಲಸ ಮಾಡುವವರು ಯಾವುದಾದರೂ ಸುದ್ದಿ ಹರಿದಾಡತೊಡಗಿದ ಕೂಡಲೇ 'ಇದು ನಿಜವೇ?' ಎಂದು ಕೇಳುತ್ತಾರೆ. ಹೆಚ್ಚಿನ ಸುದ್ದಿಗಳು ಪೂರ್ತಿ ಸುಳ್ಳಾಗಿರುವುದಿಲ್ಲ. ಅಳತೆ ಇನ್ನೂ ನಡೆಯುತ್ತಿರುವಾಗಲೇ ತೀರ್ಪು ಬಂದುಬಿಟ್ಟಂತೆ ಬರೆದಿರುತ್ತಾರೆ, ತೊಡಕೆಲ್ಲ ಅಲ್ಲೇ. ಆದ್ದರಿಂದ ಯಾರು ಅಳೆದರು, ಹೇಗೆ ಅಳೆದರು, ಎಷ್ಟು ಖಚಿತ ಎಂಬುದನ್ನು ನೋಡಿಕೊಂಡೇ ಉತ್ತರ ಹೇಳುತ್ತೇನೆ. ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಕ್ಷುದ್ರಗ್ರಹವೊಂದು ಭೂಮಿಗೆ ಅಪ್ಪಳಿಸಲಿದೆಯಂತೆ. ಹೆದರಬೇಕೇ?

ನನಗೆ ಅತಿ ಹೆಚ್ಚು ಸಂದೇಶಗಳು ಬಂದದ್ದು 2025ರ ಫೆಬ್ರುವರಿಯಲ್ಲಿ. ಅದಕ್ಕೆ ಕಾರಣವಾದ '2024 ವೈಆರ್4' ಎಂಬ ಕ್ಷುದ್ರಗ್ರಹವನ್ನು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕ 2024ರ ಡಿಸೆಂಬರ್ 27ರಂದು ಗುರುತಿಸಿತ್ತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಮೊದಲು ಶೇ 1ರ ಆಸುಪಾಸಿನಲ್ಲಿತ್ತು. ಫೆಬ್ರುವರಿ ನಡುವಿಗೆ ಶೇ 3.1ಕ್ಕೆ ಏರಿತು. ಆ ಗಾತ್ರದ ಯಾವ ಕಾಯಕ್ಕೂ ನಾಸಾ ಅದುವರೆಗೆ ಅಷ್ಟು ಹೆಚ್ಚಿನ ಸಾಧ್ಯತೆಯನ್ನು ದಾಖಲಿಸಿರಲಿಲ್ಲ. ಮುಂದಿನ ಕೆಲವೇ ದಿನಗಳಲ್ಲಿ ಆ ಸಂಖ್ಯೆ ಕುಸಿದು, ತಿಂಗಳ ಕೊನೆಯ ಹೊತ್ತಿಗೆ ಭೂಮಿಗೆ ಅಪಾಯವಿಲ್ಲ ಎಂದಾಯಿತು. 'ಮೊದಲು ಹೆದರಿಸಿದರು, ಆಮೇಲೆ ಜಾರಿಕೊಂಡರು' ಎಂದು ಹಲವರು ಸಿಟ್ಟಾದರು.

ಅಲ್ಲಿ ನಡೆದದ್ದೇ ಬೇರೆ. ಮನೆಯಲ್ಲಿ ಕೀಲಿಕೈ ಕಳೆದಿದೆ ಎಂದುಕೊಳ್ಳಿ. ಅದು ಇರಬಹುದಾದ ಹತ್ತು ಜಾಗಗಳಲ್ಲಿ ನಿಮ್ಮ ಕೈಚೀಲವೂ ಒಂದು. ಮೇಜಿನ ಡ್ರಾಯರ್ ನೋಡಿದಿರಿ, ಇಲ್ಲ. ಕಪಾಟು ನೋಡಿದಿರಿ, ಇಲ್ಲ. ಒಂದೊಂದು ಜಾಗ ಕಳೆಯುತ್ತಾ ಹೋದಂತೆ ಕೀಲಿಕೈ ಚೀಲದಲ್ಲೇ ಇದೆ ಎಂಬ ಅನುಮಾನ ಬಲವಾಗುತ್ತದೆ. ಕೊನೆಗೆ ಅದು ಬಾಗಿಲ ಹಿಂದಿನ ಮೊಳೆಯಲ್ಲಿ ಸಿಕ್ಕಿದ ಗಳಿಗೆಯಲ್ಲಿ ಚೀಲದ ಸಾಧ್ಯತೆ ಸೊನ್ನೆಯಾಗುತ್ತದೆ. ಕ್ಷುದ್ರಗ್ರಹದ ಲೆಕ್ಕವೂ ಹೀಗೆಯೇ. ಹೊಸದಾಗಿ ಕಂಡ ಕಲ್ಲನ್ನು ಕೆಲವೇ ದಿನ ನೋಡಿರುತ್ತಾರೆ, ಹಾಗಾಗಿ ಸುಮಾರು ಎಂಟು ವರ್ಷದ ಬಳಿಕ ಅದು ಇರಬಹುದಾದ ಜಾಗ ಲಕ್ಷಾಂತರ ಕಿಲೋಮೀಟರ್ ಉದ್ದದ ಪಟ್ಟಿಯಾಗಿರುತ್ತದೆ. ಆ ಪಟ್ಟಿಯೊಳಗೆ ಭೂಮಿ ಒಂದು ಚುಕ್ಕೆ. ಹೊಸ ಅಳತೆ ಸೇರುತ್ತಾ ಹೋದಂತೆ ಪಟ್ಟಿ ಕಿರಿದಾಗುತ್ತದೆ, ಭೂಮಿ ಇನ್ನೂ ಅದರೊಳಗೇ ಇದ್ದರೆ ಭೂಮಿಯ ಪಾಲು ಹೆಚ್ಚುತ್ತದೆ. ಪಟ್ಟಿಯ ಅಂಚು ಭೂಮಿಯನ್ನು ದಾಟಿದ ದಿನ ಎಲ್ಲ ಮುಗಿಯುತ್ತದೆ. ಏರಿದ್ದು, ಇಳಿದದ್ದು ಎರಡೂ ಒಂದೇ ಕೆಲಸ ಸರಿಯಾಗಿ ನಡೆದುದರ ಗುರುತು.

ನಿಜವಾಗಿಯೂ ಒಂದು ಬರುತ್ತಿದ್ದರೆ ಮನುಷ್ಯ ಏನು ಮಾಡಬಲ್ಲ?

ಮುಂಚೆಯೇ ಗೊತ್ತಾದರೆ ತಳ್ಳಬಲ್ಲ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್ ಎಂಬ ಕ್ಷುದ್ರಗ್ರಹಕ್ಕೆ ಬೇಕೆಂದೇ ಹೋಗಿ ಗುದ್ದಿತು. ತನಗಿಂತ ದೊಡ್ಡ ಕಲ್ಲನ್ನು 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿದ್ದ ಅದು, ಗುದ್ದಿದ ಬಳಿಕ 11 ಗಂಟೆ 23 ನಿಮಿಷಕ್ಕೇ ಸುತ್ತತೊಡಗಿತು. 73 ಸೆಕೆಂಡು ಬದಲಾದರೂ ಗೆದ್ದಂತೆ ಎಂದು ಇಟ್ಟುಕೊಂಡಿದ್ದವರಿಗೆ 32 ನಿಮಿಷ ಸಿಕ್ಕಿತು.

ಕಷ್ಟ ಇರುವುದು ಸಣ್ಣ ಕಲ್ಲುಗಳಲ್ಲಿ. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದು ಸುಮಾರು 20 ಮೀಟರಿನದು. ಅದು ಸೂರ್ಯನ ದಿಕ್ಕಿನಿಂದ ಬಂದ ಕಾರಣ ಯಾರಿಗೂ ಮೊದಲೇ ಕಾಣಲಿಲ್ಲ. ಗಾಯಗೊಂಡವರು ಸುಮಾರು 1,500 ಮಂದಿ, ಬಹುಪಾಲು ಒಡೆದ ಗಾಜಿನಿಂದ. ಬೆಳಕು ಮೊದಲು ಬಂತು, ಆಘಾತದ ಅಲೆ ನಿಮಿಷ ಕಳೆದ ಮೇಲೆ ತಲುಪಿತು. ನಡುವಿನ ಆ ಹೊತ್ತಿನಲ್ಲಿ ಜನ ಏನಾಯಿತೆಂದು ನೋಡಲು ಕಿಟಕಿಗೆ ಬಂದು ನಿಂತಿದ್ದರು. ಆಕಾಶದಲ್ಲಿ ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ ಎಂದು ನಾನು ಮಕ್ಕಳಿಗೂ ಹೇಳಿಕೊಟ್ಟಿದ್ದೇನೆ.

ಬೇರೆ ಗ್ರಹದಲ್ಲಿ ಜೀವದ ಸುಳಿವು ಸಿಕ್ಕಿತಲ್ಲ?

ನೀವು ಕೇಳುತ್ತಿರುವುದು 'ಕೆ2-18ಬಿ' ಬಗ್ಗೆ. ಅದು ನಮ್ಮಿಂದ ಸುಮಾರು 124 ಜ್ಯೋತಿರ್ವರ್ಷ ದೂರದ ಗ್ರಹ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ, ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿಯಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದೇ ಬಗೆಯ ಇನ್ನೊಂದು ಅನಿಲದ ಗುರುತು ಕಂಡಿದೆ ಎಂದು ಪ್ರಕಟಿಸಿತು. ಭೂಮಿಯಲ್ಲಿ ಈ ಅನಿಲ ಬರುವುದು ಮುಖ್ಯವಾಗಿ ಕಡಲಿನ ಸೂಕ್ಷ್ಮ ಸಸ್ಯಗಳಿಂದ. ಸುದ್ದಿ ಹಬ್ಬಿದ್ದು ಆ ಕಾರಣಕ್ಕೆ.

ಅಳತೆ ಹೇಗೆ ಎಂಬುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕಿನ ತೀರಾ ಸಣ್ಣ ಪಾಲು ಗ್ರಹದ ಅಂಚಿನ ಗಾಳಿಯನ್ನು ತೂರಿಕೊಂಡು ಬರುತ್ತದೆ. ಒಂದೊಂದು ಅನಿಲವೂ ಬೆಳಕಿನ ಒಂದೊಂದು ಬಣ್ಣವನ್ನು ನುಂಗುತ್ತದೆ. ಯಾವ ಬಣ್ಣ ಕೂದಲೆಳೆಯಷ್ಟು ಮಂಕಾಗಿದೆ ಎಂದು ನೋಡಿ, ಅಲ್ಲಿ ಯಾವ ಅನಿಲವಿದೆ ಎಂದು ಊಹಿಸುತ್ತಾರೆ. ಆ ತಂಡದ ಫಲಿತಾಂಶದ ಖಚಿತತೆ 'ಮೂರು ಸಿಗ್ಮಾ'. ಅಂದರೆ, ಅನಿಲವೇ ಇಲ್ಲದಿದ್ದರೂ ಬರಿಯ ಆಕಸ್ಮಿಕದಿಂದ ಇಂಥ ಗುರುತು ಮೂಡುವ ಸಾಧ್ಯತೆ ಸಾವಿರಕ್ಕೆ ಮೂರು. ಕೇಳಲು ಅದು ಕಡಿಮೆ ಎನ್ನಿಸುತ್ತದೆ. ಆದರೆ ಹೊಸ ಶೋಧ ಎಂದು ಒಪ್ಪಲು 'ಐದು ಸಿಗ್ಮಾ' ಬೇಕೆಂಬ ರೂಢಿಯಿದೆ, ಅಲ್ಲಿ ಆಕಸ್ಮಿಕದ ಪಾಲು ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ತಂಡವೇ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಅದೇ ಮಾಹಿತಿಯನ್ನು ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಗುರುತು ಅಷ್ಟು ಬಲವಾಗಿ ಕಾಣಲಿಲ್ಲ. ಅಲ್ಲದೆ ಇದೇ ಅನಿಲದ ಗುರುತು, ಜೀವವಿಲ್ಲದ 67ಪಿ ಎಂಬ ಧೂಮಕೇತುವಿನಲ್ಲೂ ಸಿಕ್ಕಿದೆ.

ನನ್ನ ಅಭಿಪ್ರಾಯ ಕೇಳಿದರೆ, ಜೀವ ಸಿಕ್ಕಿಲ್ಲ. ಆದರೆ 124 ಜ್ಯೋತಿರ್ವರ್ಷ ಆಚೆಯ ಗಾಳಿಯಲ್ಲಿ ಏನಿದೆ ಎಂದು ಜಗಳವಾಡುವ ಮಟ್ಟಕ್ಕೆ ನಾವು ಬಂದಿರುವುದೇ ನನ್ನನ್ನು ಮೂಕನನ್ನಾಗಿಸುತ್ತದೆ. ನಾನು ಶಾಲೆಯಲ್ಲಿದ್ದಾಗ ಸೌರಮಂಡಲದ ಹೊರಗೆ ಗ್ರಹಗಳಿವೆ ಎಂಬುದನ್ನೇ ಪಠ್ಯಪುಸ್ತಕ ಹೇಳುತ್ತಿರಲಿಲ್ಲ.

3ಐ/ಅಟ್ಲಾಸ್ ಅನ್ಯಲೋಕದವರ ನೌಕೆಯಲ್ಲವೇ?

ಅಲ್ಲ, ಧೂಮಕೇತು. 2025ರ ಜುಲೈ 1ರಂದು ಕಂಡಿತು. ಸೌರಮಂಡಲದ ಹೊರಗಿನಿಂದ ಬಂದದ್ದೆಂದು ಖಚಿತವಾದ ಮೂರನೆಯ ಕಾಯ ಅದು. ಮೊದಲನೆಯದು 2017ರಲ್ಲಿ, ಎರಡನೆಯದು 2019ರಲ್ಲಿ ಕಂಡಿದ್ದವು. ಸೂರ್ಯನಿಗೆ ಹತ್ತಿರವಾದಂತೆ ಅದರಿಂದ ಅನಿಲ ಮತ್ತು ದೂಳು ಹೊಮ್ಮಿದವು, ಧೂಮಕೇತುಗಳಲ್ಲಿ ಹೊಮ್ಮುವಂತೆಯೇ. ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿ.ಮೀ. ದೂರದಲ್ಲಿತ್ತು. ಬೇರೊಂದು ನಕ್ಷತ್ರದ ಬಳಿ ಹುಟ್ಟಿದ ಹಿಮದ ಗಡ್ಡೆ ನಮ್ಮ ಅಂಗಳ ಹಾದುಹೋಯಿತು ಎಂಬುದಕ್ಕೆ ನೌಕೆಯ ಕಥೆ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ಜನ ಹಸಿದಿರುವಾಗ ಬಾಹ್ಯಾಕಾಶಕ್ಕೆ ಹಣ ಸುರಿಯುವುದು ಸರಿಯೇ?

ಇದನ್ನು ಕೇಳುವವರನ್ನು ವಿಜ್ಞಾನದ ವಿರೋಧಿಗಳೆಂದು ಬದಿಗೆ ತಳ್ಳುವುದು ತಪ್ಪು. ಪ್ರಶ್ನೆ ನ್ಯಾಯವಾದದ್ದು. ಆದರೆ ರಾಕೆಟ್ಟಿನ ಜೊತೆ ನೋಟಿನ ಕಟ್ಟುಗಳೂ ಮೇಲಕ್ಕೆ ಹೋಗುತ್ತವೆ ಎಂಬ ಚಿತ್ರವನ್ನು ಮೊದಲು ಮನಸ್ಸಿನಿಂದ ತೆಗೆಯಬೇಕು. ಹಣ ಖರ್ಚಾಗುವುದು ನೆಲದ ಮೇಲೆಯೇ: ಕೆಲಸಗಾರರ ಸಂಬಳಕ್ಕೆ, ಕಾರ್ಖಾನೆಗಳಿಗೆ, ಪ್ರಯೋಗಾಲಯಗಳಿಗೆ.

ಒಡಿಶಾದ ಎರಡು ಚಂಡಮಾರುತಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1999ರ ಮಹಾ ಚಂಡಮಾರುತದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸಾವು ಕೆಲವು ಹತ್ತುಗಳಲ್ಲಿ ನಿಂತಿತು. ಇದರ ಶ್ರೇಯವೆಲ್ಲ ಉಪಗ್ರಹಕ್ಕೇ ಸೇರದು. ಆಶ್ರಯ ಕಟ್ಟಡಗಳು, ಮನೆಮನೆಗೆ ಹೋಗಿ ಎಬ್ಬಿಸಿದವರು, ಒತ್ತಾಯ ಮಾಡಿ ಬಸ್ ಹತ್ತಿಸಿದ ನೌಕರರು ಎಲ್ಲರದೂ ಪಾಲಿದೆ. ಆದರೆ ಗಾಳಿ ಎಲ್ಲಿಗೆ, ಎಂದು ಬರುತ್ತದೆ ಎಂಬುದು ದಿನಗಳ ಮೊದಲೇ ತಿಳಿಯದಿದ್ದರೆ ಯಾರನ್ನು ಎಲ್ಲಿಂದ ಕರೆದೊಯ್ಯುತ್ತಿದ್ದರು?

ಮೊಬೈಲ್ ತೋರಿಸುವ ದಾರಿಯೂ ಹಾಗೆಯೇ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ, ಐನ್‌ಸ್ಟೈನ್ ಸಿದ್ಧಾಂತ ಹೇಳಿದಂತೆಯೇ. ಅದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ದಾರಿ ಹತ್ತು ಕಿಲೋಮೀಟರಿನಷ್ಟು ತಪ್ಪುತ್ತದೆ. ಆ ಸಿದ್ಧಾಂತ ಬರೆದ ಕಾಲದಲ್ಲಿ 'ಇದರಿಂದ ಯಾರ ಹೊಟ್ಟೆ ತುಂಬುತ್ತದೆ' ಎಂದು ಕೇಳಿದ್ದರೆ ಉತ್ತರ ಇರಲಿಲ್ಲ.

ಆದರೂ ಪ್ರತಿಯೊಂದು ಯಾತ್ರೆಯನ್ನೂ ಇಂಥ ಲಾಭದ ಲೆಕ್ಕ ಕೊಟ್ಟೇ ಸಮರ್ಥಿಸುವುದು ನನಗೆ ಒಪ್ಪಿಗೆಯಿಲ್ಲ. ಕೆಲವನ್ನು ತಿಳಿಯುವ ಆಸೆಗಾಗಿಯೇ ಮಾಡಬೇಕು. ಹಾಗೆಯೇ ಹಣವಂತರು ಕೆಲವು ನಿಮಿಷ ಮೇಲಕ್ಕೆ ಹೋಗಿ ಬರುವುದನ್ನು ವಿಜ್ಞಾನದ ಖಾತೆಗೆ ಸೇರಿಸುವುದೂ ಬೇಡ.

ಉಪಗ್ರಹಗಳು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ?

ಅಂತರ್ಜಾಲ ತಲುಪದ ಜಾಗಕ್ಕೆ ತಲುಪುತ್ತಿದೆ, ಅದು ಒಳ್ಳೆಯದು. ಕೆಲಸ ಮಾಡುತ್ತಿರುವ ಉಪಗ್ರಹಗಳು ಈಗ ಹತ್ತು ಸಾವಿರ ದಾಟಿವೆ. ನನ್ನ ಆತಂಕ ಎರಡು. ದೂರದರ್ಶಕದ ಚಿತ್ರಗಳ ಮೇಲೆ ಗೆರೆ ಎಳೆಯುತ್ತಾ ಅವು ಹೋಗುತ್ತವೆ. ಅಪಾಯಕಾರಿ ಕಲ್ಲುಗಳನ್ನು ಹುಡುಕುವುದು ಅದೇ ಚಿತ್ರಗಳಲ್ಲಿ. ಇನ್ನೊಂದು, ಡಿಕ್ಕಿ. 2009ರ ಫೆಬ್ರುವರಿಯಲ್ಲಿ ಸೈಬೀರಿಯಾದ ಮೇಲೆ ಸುಮಾರು 790 ಕಿ.ಮೀ. ಎತ್ತರದಲ್ಲಿ ಒಂದು ಇರಿಡಿಯಂ ಉಪಗ್ರಹಕ್ಕೆ ಸತ್ತುಹೋಗಿದ್ದ ರಷ್ಯಾದ ಕಾಸ್ಮೊಸ್ ಬಂದು ಬಡಿದು ಎರಡೂ ಚೂರಾದವು. ಕೆಳಗಿನ ಕಕ್ಷೆಯ ಚೂರುಗಳು ಕೆಲವೇ ವರ್ಷಗಳಲ್ಲಿ ಬಿದ್ದು ಉರಿದುಹೋಗುತ್ತವೆ. ಅಷ್ಟು ಎತ್ತರದವು ದಶಕಗಟ್ಟಲೆ ಸುತ್ತುತ್ತಲೇ ಇರುತ್ತವೆ. ಮೇಲೆ ಹಾರಿಸಿದವರೇ ಕೆಳಗಿಳಿಸಬೇಕು ಎಂಬ ನಿಯಮ ಎಲ್ಲ ದೇಶಗಳನ್ನೂ ಕಟ್ಟಿಹಾಕುವಂತಾಗಬೇಕು.

ಮನುಷ್ಯ ಚಂದ್ರನ ಮೇಲೆ ಇಳಿದದ್ದು ನಿಜವೇ? ಹಾಗಾದರೆ ಆಮೇಲೆ ಐವತ್ತು ವರ್ಷ ಏಕೆ ಇಳಿಯಲಿಲ್ಲ?

ನಿಜ. ಅಪೊಲೊ ಯಾತ್ರಿಗಳು ಅಲ್ಲಿ ಇಟ್ಟು ಬಂದ ಪ್ರತಿಫಲಕಗಳಿಗೆ ಇಂದಿಗೂ ಭೂಮಿಯಿಂದ ಲೇಸರ್ ಬಿಡುತ್ತಾರೆ, ಅದು ಮರಳಿ ಬರುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ ಎಂಬುದು ನಮಗೆ ಗೊತ್ತಾದದ್ದು ಹಾಗೆ. ಅವರು ತಂದ 382 ಕಿಲೋ ಕಲ್ಲುಮಣ್ಣನ್ನು ಹಲವು ದೇಶಗಳ ಪ್ರಯೋಗಾಲಯಗಳು ಪರೀಕ್ಷಿಸಿವೆ. ಇಳಿದ ಜಾಗದ ಚಿತ್ರವನ್ನು ನಮ್ಮ ಚಂದ್ರಯಾನ-2 ಕೂಡ ತೆಗೆದಿದೆ.

1972ರ ಬಳಿಕ ನಿಂತದ್ದು ಹಣದ ಕಾರಣಕ್ಕೆ. 1966ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರದ ಖರ್ಚಿನಲ್ಲಿ ನಾಸಾದ ಪಾಲು ಶೇ 4ಕ್ಕೂ ಹೆಚ್ಚಿತ್ತು. ಸೋವಿಯತ್ ಒಕ್ಕೂಟದೊಡನೆ ನಡೆದ ಪೈಪೋಟಿ ಗೆದ್ದ ಮೇಲೆ ಅಷ್ಟು ಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಅಷ್ಟು ಹಳೆಯ ವಾಯೇಜರ್ ನೌಕೆಯನ್ನು ಇನ್ನೂ ಏಕೆ ನಡೆಸುತ್ತಾರೆ?

ಈ ಪ್ರಶ್ನೆ ಕೇಳಿದವರನ್ನು ಕೂರಿಸಿಕೊಂಡು ನಾನು 2024ರ ಏಪ್ರಿಲ್‌ನ ಕಥೆ ಹೇಳುತ್ತೇನೆ.

ಗುರು, ಶನಿ ಗ್ರಹಗಳನ್ನು ನೋಡಲೆಂದು ನಾಸಾ ಕಳಿಸಿದ ವಾಯೇಜರ್ 1 ಹೊರಟದ್ದು 1977ರ ಸೆಪ್ಟೆಂಬರ್ 5ರಂದು. 2023ರ ನವೆಂಬರ್‌ನಲ್ಲಿ ಅದು ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ನೌಕೆ ಬದುಕಿತ್ತು, ಮಾತು ಮಾತ್ರ ಕೆಟ್ಟಿತ್ತು. ಆಗ ಅದು ಸುಮಾರು 2,400 ಕೋಟಿ ಕಿ.ಮೀ. ದೂರದಲ್ಲಿತ್ತು. ಇಲ್ಲಿಂದ ಒಂದು ಆದೇಶ ಕಳಿಸಿದರೆ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಒಂದು ಪ್ರಶ್ನೆಗೆ ಎರಡು ದಿನ. ಹೀಗೆ ತಿಂಗಳುಗಟ್ಟಲೆ ಕೇಳಿ ಕೇಳಿ, ಮಾಹಿತಿಯನ್ನು ಜೋಡಿಸುವ ಕಂಪ್ಯೂಟರಿನ ನೆನಪಿನಲ್ಲಿ ಒಂದೇ ಒಂದು ಚಿಪ್ ಕೆಟ್ಟಿದೆ ಎಂದು ಕಂಡುಕೊಂಡರು. ಆ ಚಿಪ್‌ನಲ್ಲಿದ್ದ ಆದೇಶಗಳನ್ನು ಬೇರೆಡೆ ಇಡೋಣವೆಂದರೆ ಅಷ್ಟನ್ನೂ ಹಿಡಿಸುವ ಜಾಗ ಎಲ್ಲೂ ಇರಲಿಲ್ಲ. ಆಗ ಅವನ್ನು ತುಂಡು ಮಾಡಿ, ಸಿಕ್ಕ ಸಿಕ್ಕ ಸಂದಿಯಲ್ಲಿ ಒಂದೊಂದು ತುಂಡನ್ನು ಇಟ್ಟು, ತುಂಡುಗಳು ಒಂದನ್ನೊಂದು ಹುಡುಕಿಕೊಳ್ಳುವಂತೆ ವಿಳಾಸಗಳನ್ನೆಲ್ಲ ತಿದ್ದಿದರು. ಏಪ್ರಿಲ್ 18ರಂದು ಮೊದಲ ತುಂಡು ಹೊರಟಿತು. 20ರಂದು, ಐದು ತಿಂಗಳ ಬಳಿಕ ಮೊದಲ ಬಾರಿಗೆ, ನೌಕೆ ತನ್ನ ಸ್ಥಿತಿಗತಿಯನ್ನು ಅರ್ಥವಾಗುವಂತೆ ತಿಳಿಸಿತು.

ಅದರ ರೇಡಿಯೊ ಪ್ರೇಷಕದ ಶಕ್ತಿ ಸುಮಾರು 22 ವಾಟ್, ಒಂದು ಸಣ್ಣ ಬಲ್ಬಿನಷ್ಟು. ವರ್ಷ ವರ್ಷವೂ ವಿದ್ಯುತ್ ಕಡಿಮೆಯಾಗುತ್ತಿರುವುದರಿಂದ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ. ನಕ್ಷತ್ರಗಳ ನಡುವಿನ ಬಯಲಲ್ಲಿ ನಿಂತು ಅಳೆಯುತ್ತಿರುವುದು ಈ ನೌಕೆ ಮತ್ತು ಇದರ ಜೊತೆಗಾರ ವಾಯೇಜರ್ 2 ಮಾತ್ರ. ಅದಕ್ಕೇ ನಡೆಸುತ್ತಾರೆ.

ಕೃತಕ ಬುದ್ಧಿಮತ್ತೆಗೆ ನಿಜವಾಗಿ ಬುದ್ಧಿ ಇದೆಯೇ?

ನೀವು ಮಾತನಾಡಿಸುವ ಎಐ, ಅಪಾರ ಬರಹಗಳನ್ನು ಉಂಡು, ಇಷ್ಟು ಮಾತು ಆದ ಮೇಲೆ ಮುಂದಿನ ತುಣುಕು ಯಾವುದಿರಬಹುದು ಎಂದು ಲೆಕ್ಕ ಹಾಕುವುದನ್ನು ಕಲಿತಿದೆ. ಬಳಿಕ ಮನುಷ್ಯರು ಕೊಟ್ಟ ಅಂಕಗಳಿಂದ ಅದರ ನಡೆನುಡಿಯನ್ನು ತಿದ್ದಿರುತ್ತಾರೆ. ಇದನ್ನು ಬುದ್ಧಿ ಎನ್ನಬೇಕೇ ಬೇಡವೇ ಎಂದು ದೊಡ್ಡವರೇ ವಾದ ಮಾಡುತ್ತಿದ್ದಾರೆ. ದಿನನಿತ್ಯಕ್ಕೆ ಬೇಕಾದ ಪ್ರಶ್ನೆ ಬೇರೆ: ಅದು ತಪ್ಪಿದಾಗ ನನಗೆ ಹೇಗೆ ಗೊತ್ತಾಗಬೇಕು? ಸರಿ ಉತ್ತರವನ್ನೂ ತಪ್ಪು ಉತ್ತರವನ್ನೂ ಅದು ಒಂದೇ ಧೈರ್ಯದ ದನಿಯಲ್ಲಿ ಹೇಳಬಲ್ಲದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಕೊಟ್ಟ ಹಳೆಯ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದರು. ಆ ತೀರ್ಪುಗಳು ಎಲ್ಲೂ ಇರಲಿಲ್ಲ. ಇವು ನಿಜವಾದ ಪ್ರಕರಣಗಳೇ ಎಂದು ಅದನ್ನೇ ಕೇಳಿದ್ದರು, ಹೌದು ಎಂದಿತ್ತು. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು.

ಇದರ ಪಕ್ಕದಲ್ಲಿ ಆಲ್ಫಾಫೋಲ್ಡ್ ಇಡುತ್ತೇನೆ. ಅದೂ ಎಐ. ಪ್ರೋಟೀನಿನ ಎಳೆ ಹೇಗೆ ಮಡಚಿಕೊಂಡು ಯಾವ ಆಕಾರ ತಳೆಯುತ್ತದೆ ಎಂದು ಹೇಳುತ್ತದೆ. ಪ್ರಯೋಗಾಲಯದಲ್ಲಿ ಒಂದೊಂದು ಆಕಾರ ಕಂಡುಹಿಡಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತಿದ್ದವು. ಅದು 20 ಕೋಟಿ ಪ್ರೋಟೀನುಗಳಿಗೆ ಊಹೆ ಕೊಟ್ಟಿದೆ. ಅದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು. ನನಗೆ ಅದರಲ್ಲಿ ಅತಿ ಮೆಚ್ಚುಗೆಯಾದದ್ದು, ಆಕಾರದ ಪ್ರತಿ ಭಾಗಕ್ಕೂ 'ಇಲ್ಲಿ ನನಗೆ ಇಷ್ಟು ಖಚಿತ' ಎಂದು ಅಂಕ ಹಾಕಿಯೇ ಕೊಡುವುದು. ಖಚಿತವಿಲ್ಲದ ಕಡೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಮಾತಾಡುವ ಎಐಗಳಿಗೂ ಈ ಶಿಸ್ತು ಬರಲಿ ಎಂದು ಮನಸಾರೆ ಬಯಸುತ್ತೇನೆ.

ನಮ್ಮ ಕೆಲಸ ಹೋಗುತ್ತದೆಯೇ?

ಎಐಗೆ ತಳಹದಿ ಹಾಕಿದವರಲ್ಲಿ ಒಬ್ಬರು, ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದ ಜೆಫ್ರಿ ಹಿಂಟನ್ 2016ರಲ್ಲಿ, ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನು ಓದುವ ವೈದ್ಯರಾದ ರೇಡಿಯಾಲಜಿಸ್ಟರಿಗಿಂತ ಎಐ ಬೇಗನೆ ಮೇಲಾಗಲಿದೆ, ಹೊಸಬರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದಿದ್ದರು. ವರ್ಷಗಳು ಕಳೆದಿವೆ, ರೇಡಿಯಾಲಜಿಸ್ಟರಿಗೆ ಬೇಡಿಕೆ ಕುಗ್ಗಿಲ್ಲ. ಚಿತ್ರ ನೋಡುವುದು ಅವರ ಕೆಲಸದ ಒಂದು ಪಾಲು ಮಾತ್ರ. ಹಳೆಯ ವರದಿಯ ಜೊತೆ ಹೋಲಿಸುವುದು, ಇತರ ವೈದ್ಯರೊಡನೆ ಚರ್ಚಿಸುವುದು, ಹೊಣೆ ಹೊರುವುದು ಎಲ್ಲವೂ ಸೇರಿ ಆ ವೃತ್ತಿ.

ಹಾಗೆಂದು ಚಿಂತೆ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನಗೆ ಪರಿಚಯದ ಅನುವಾದಕಿಯೊಬ್ಬರಿಗೆ ಮೊದಲು ಮೂಲ ಬರಹ ಬರುತ್ತಿತ್ತು. ಈಗ ಯಂತ್ರ ಮಾಡಿದ ಅನುವಾದ ಬರುತ್ತದೆ, 'ತಿದ್ದಿಕೊಡಿ' ಎನ್ನುತ್ತಾರೆ, ಪುಟಕ್ಕೆ ಕೊಡುವ ಹಣ ಮೊದಲಿಗಿಂತ ಕಡಿಮೆ. ಎರಡೂ ಬರಹಗಳನ್ನು ಸಾಲು ಸಾಲಾಗಿ ಹೋಲಿಸುವ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಕೆಲಸ ಉಳಿದು ಬೆಲೆ ಕುಸಿಯುವ ಈ ಬಗೆಯ ನಷ್ಟ ಸುದ್ದಿಯಾಗುವುದಿಲ್ಲ. ಅದನ್ನು ಗಟ್ಟಿಯಾಗಿ ಹೇಳಬೇಕು.

ಕಾಯಿಲೆಯ ಬಗ್ಗೆ ಎಐಯನ್ನು ಕೇಳಬಹುದೇ?

ವರದಿಯಲ್ಲಿರುವ ಪದಗಳ ಅರ್ಥ ತಿಳಿಯಲು, ವೈದ್ಯರನ್ನು ಏನು ಕೇಳಬೇಕೆಂದು ಪಟ್ಟಿ ಮಾಡಿಕೊಳ್ಳಲು ಕೇಳಿ. ಮಾತ್ರೆ ಬಿಡಲು, ಪ್ರಮಾಣ ಬದಲಿಸಲು ಬೇಡ.

ಕ್ವಾಂಟಂ ಕಂಪ್ಯೂಟರ್ ಬಂದರೆ ಪಾಸ್‌ವರ್ಡ್‌ಗಳೆಲ್ಲ ಬಯಲಾಗುತ್ತವಂತೆ?

ಕ್ವಾಂಟಂ ಕಂಪ್ಯೂಟರ್ ಎಂದರೆ ಪರಮಾಣು ಮಟ್ಟದ ಕಣಗಳ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಯಂತ್ರ, ಅದರ ಲೆಕ್ಕದ ಮೂಲ ಘಟಕವೇ ಕ್ಯೂಬಿಟ್. 2024ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ 105 ಕ್ಯೂಬಿಟ್‌ಗಳ ವಿಲೋ ಚಿಪ್ ಬಗ್ಗೆ ಹೇಳಿದಾಗ ಈ ಭಯ ಎದ್ದಿತು. ಸೂಪರ್ ಕಂಪ್ಯೂಟರಿಗೆ 1ರ ಮುಂದೆ 25 ಸೊನ್ನೆ ಹಾಕಿದಷ್ಟು ವರ್ಷ ಬೇಕಾಗುವ ಲೆಕ್ಕವನ್ನು ಅದು ಐದು ನಿಮಿಷದೊಳಗೆ ಮಾಡಿತು ಎಂಬುದು ಪ್ರಕಟಣೆ. ಆದರೆ ಆ ಲೆಕ್ಕವನ್ನು ಕ್ವಾಂಟಂ ಯಂತ್ರದ ಸಾಮರ್ಥ್ಯ ತೋರಿಸಲೆಂದೇ ಆರಿಸಿದ್ದರು, ಅದರಿಂದ ಬೇರೆ ಉಪಯೋಗವಿಲ್ಲ. ಪಾಸ್‌ವರ್ಡ್‌ಗಳಂಥ ಗುಟ್ಟನ್ನು ಕಾಯುವ ಇಂದಿನ ಗೂಢಲಿಪಿ ಒಡೆಯಲು ಇದಕ್ಕಿಂತ ಎಷ್ಟೋ ದೊಡ್ಡ, ತಪ್ಪು ಕಡಿಮೆ ಮಾಡುವ ಯಂತ್ರ ಬೇಕು. ಒಡೆಯುವ ದಾರಿಯನ್ನು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದರಿಂದ ತಯಾರಿಯೂ ನಡೆದಿದೆ. ಕ್ವಾಂಟಂ ಯಂತ್ರಕ್ಕೂ ಬಗ್ಗದ ಗೂಢಲಿಪಿಯ ಮಾನದಂಡಗಳನ್ನು ಅಮೆರಿಕದ ಮಾನದಂಡ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊರತಂದಿತು. ನಿಮ್ಮಿಂದಾಗುವ ಕೆಲಸ ಒಂದೇ: ಫೋನಿನ ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸಿಕೊಳ್ಳಿ.

ಸಮ್ಮಿಲನದಿಂದ ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಬಂತಂತೆ. ಇನ್ನು ವಿದ್ಯುತ್ ಬಿಟ್ಟಿಯೇ?

ಸಮ್ಮಿಲನ ಎಂದರೆ ಹಗುರ ಪರಮಾಣುಗಳ ಬೀಜಗಳು ಒಂದಾಗಿ ಶಕ್ತಿ ಹೊಮ್ಮುವುದು. 2022ರ ಡಿಸೆಂಬರ್ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಲೇಸರ್‌ಗಳು ಇಂಧನದ ಗುರಿಗೆ 2.05 ಮೆಗಾಜೂಲ್ ಕೊಟ್ಟವು, ಹೊರಬಂದದ್ದು 3.15. ಮೈಲಿಗಲ್ಲು ನಿಜ. ಆದರೆ ಆ ಲೇಸರ್‌ಗಳು ಚಾಲೂ ಆಗಲು ವಿದ್ಯುತ್ ಜಾಲದಿಂದ ಎಳೆದುಕೊಂಡದ್ದು ಸುಮಾರು 300 ಮೆಗಾಜೂಲ್. ಸುದ್ದಿಯಲ್ಲಿ 'ಹೆಚ್ಚು' ಎಂಬ ಪದ ಕಂಡಾಗಲೆಲ್ಲ ಯಾವುದಕ್ಕಿಂತ ಹೆಚ್ಚು ಎಂದು ಹುಡುಕಿ. ಅರ್ಧ ಸುದ್ದಿಗಳು ಅಲ್ಲೇ ತಿಳಿಯಾಗುತ್ತವೆ.

ಕೋಣೆಯ ತಾಪದಲ್ಲಿ ಕೆಲಸ ಮಾಡುವ ಅತಿವಾಹಕ ಸಿಕ್ಕಿತ್ತಲ್ಲ, ಅದೇನಾಯಿತು?

ಅತಿವಾಹಕ ಎಂದರೆ ವಿದ್ಯುತ್ತನ್ನು ಯಾವ ರೋಧವೂ ಇಲ್ಲದೆ ಹರಿಯಬಿಡುವ ವಸ್ತು. 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ತಂಡವೊಂದು 'ಎಲ್‌ಕೆ-99' ಎಂಬ ವಸ್ತು ಅಂಥದ್ದೆಂದು ಬರೆದ ಪ್ರಬಂಧವನ್ನು, ಬೇರೆ ತಜ್ಞರು ಪರಿಶೀಲಿಸುವ ಮೊದಲೇ, ಅಂತರ್ಜಾಲದಲ್ಲಿ ಹಾಕಿತು. ಆಯಸ್ಕಾಂತದ ಮೇಲೆ ಕಪ್ಪು ಚೂರೊಂದು ಒಂದು ಅಂಚು ತಾಗಿಸಿಕೊಂಡು ಮತ್ತೊಂದು ಅಂಚು ಎತ್ತಿ ನಿಂತ ವಿಡಿಯೊವನ್ನು ನೀವೂ ನೋಡಿರಬಹುದು. ಜಗತ್ತಿನ ಹಲವು ಪ್ರಯೋಗಾಲಯಗಳು ಅದನ್ನು ತಯಾರಿಸಲು ಕೂತವು. ಮಿಶ್ರಣದಲ್ಲಿ ಉಳಿದಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಶ ನೂರು ಡಿಗ್ರಿಯಾಚೆ ತನ್ನ ರಚನೆ ಬದಲಿಸುತ್ತದೆ, ರೋಧ ಇದ್ದಕ್ಕಿದ್ದಂತೆ ಇಳಿದದ್ದು ಅದರಿಂದ ಎಂದು ಗೊತ್ತಾಯಿತು. ಜರ್ಮನಿಯಲ್ಲಿ ಕಲ್ಮಶವೇ ಇಲ್ಲದ ಹರಳು ಬೆಳೆಸಿದರು. ಅದು ನೇರಳೆ ಬಣ್ಣದ ಪಾರದರ್ಶಕ ಹರಳು, ವಿದ್ಯುತ್ತನ್ನು ಬಿಡುವುದೇ ಇಲ್ಲ. ಎಲ್ಲ ಮುಗಿಯಲು ತಿಂಗಳೂ ಹಿಡಿಯಲಿಲ್ಲ. ಇದನ್ನು ವಿಜ್ಞಾನದ ಸೋಲೆಂದು ಕರೆದವರೊಡನೆ ನಾನು ತಕರಾರು ತೆಗೆದಿದ್ದೇನೆ.

ಮೊಬೈಲ್ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆಯೇ?

ಮೊಬೈಲ್ ಹೊಮ್ಮಿಸುವುದು ರೇಡಿಯೊ ಅಲೆ. ಎಕ್ಸ್-ರೇಯಂತೆ ಡಿಎನ್ಎಯ ಬಂಧ ಮುರಿಯುವ ಶಕ್ತಿ ಅದಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 'ಇರಬಹುದಾದ ಕಾರಣ'ಗಳ ಗುಂಪಿಗೆ ಸೇರಿಸಿತ್ತು. ಹೆಚ್ಚಿನ ಭಯದ ಮೂಲ ಅದು. ಅದೇ ಸಂಸ್ಥೆ ಮಾಡಿಸಿದ, 63 ಅಧ್ಯಯನಗಳನ್ನು ಒಟ್ಟಾಗಿ ನೋಡಿ 2024ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ವಾಹನ ಓಡಿಸುವಾಗ ಕೈಯಲ್ಲಿರುವ ಮೊಬೈಲ್ ಬಗ್ಗೆ ಇದರ ಕಾಲುಭಾಗ ಭಯ ಇದ್ದಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು.

'ಅಪಾಯ ಶೇ 18 ಹೆಚ್ಚು' ಎಂದರೆ ನೂರರಲ್ಲಿ ಹದಿನೆಂಟು ಮಂದಿಗೆ ಬರುತ್ತದೆಯೇ?

ಇಲ್ಲ. ಸಾಸೇಜ್‌ನಂತೆ ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18 ಹೆಚ್ಚುತ್ತದೆ ಎಂದು 2015ರಲ್ಲಿ ಹೇಳಿದ್ದೂ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗವೇ. ಬದುಕಿಡೀ ನೂರು ಜನರಲ್ಲಿ ಐವರಿಗೆ ಆ ಕಾಯಿಲೆ ಬರುವುದಿದ್ದರೆ, ಎಲ್ಲರೂ ದಿನವೂ ಅಷ್ಟು ತಿಂದಾಗ ಆರು ಮಂದಿಗೆ ಬರುತ್ತದೆ. ಒಬ್ಬರಿಗೆ ಹೆಚ್ಚು ಬರುವುದೂ ಸಣ್ಣ ಮಾತಲ್ಲ, ಆದರೆ ಹದಿನೆಂಟು ಅಲ್ಲ. ಆ ಮಾಂಸವನ್ನು ತಂಬಾಕಿನ ಗುಂಪಿಗೇ ಸೇರಿಸಿದರು ಎಂದೂ ಓದಿದಿರಿ. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂದು ಅದು ಹೇಳುವುದಿಲ್ಲ.

ಕಾಯಿಲೆಯೊಂದಕ್ಕೆ ಮದ್ದು ಸಿಕ್ಕಿತು ಎಂದು ಓದಿದೆ. ಯಾವಾಗ ಬರುತ್ತದೆ?

ಪ್ರಯೋಗ ಇಲಿಗಳ ಮೇಲೋ ಮನುಷ್ಯರ ಮೇಲೋ ನೋಡಿ. ಇಲಿಗಳ ಮೇಲಾದರೆ ಕಾಯಿಲೆಯವರ ಮುಂದೆ ಆ ಸುದ್ದಿ ತೆಗೆಯಬೇಡಿ. ಸುಳ್ಳು ಆಸೆಯ ನೋವು ದೊಡ್ಡದು. ಗೆದ್ದ ಚಿಕಿತ್ಸೆಗೂ ಕಾಲ ಬೇಕು. ಜೀನ್ ಕತ್ತರಿಸುವ ಕ್ರಿಸ್ಪರ್ ವಿಧಾನದ ಪ್ರಸಿದ್ಧ ಪ್ರಬಂಧ ಬಂದದ್ದು 2012ರಲ್ಲಿ. ಅದರಿಂದಾದ ಮೊದಲ ಚಿಕಿತ್ಸೆಗೆ, ಕುಡಗೋಲು ಕಣ ರೋಗ (ಸಿಕಲ್ ಸೆಲ್) ಮತ್ತು ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಗಳಿಗೆ, ಬ್ರಿಟನ್ ಅನುಮತಿ ಕೊಟ್ಟದ್ದು 2023ರ ನವೆಂಬರ್‌ನಲ್ಲಿ. ಹನ್ನೊಂದು ವರ್ಷವನ್ನು ಈ ಕ್ಷೇತ್ರದಲ್ಲಿ ಬಹಳ ಬೇಗ ಎನ್ನುತ್ತಾರೆ.

ವಿಜ್ಞಾನಿಗಳು ಇಂದು ಒಂದು, ನಾಳೆ ಒಂದು ಹೇಳುತ್ತಾರೆ. ಯಾಕೆ ನಂಬಬೇಕು?

2011ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಗ್ರಾನ್ ಸಾಸೊ ಬೆಟ್ಟದ ಕೆಳಗಿರುವ 'ಒಪೆರಾ' ಪ್ರಯೋಗದವರು ಒಂದು ವಿಷಯ ಹೇಳಿದರು: ಸುಮಾರು 730 ಕಿ.ಮೀ. ದೂರದ, ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಿಂದ ಹೊರಟು ನೆಲವನ್ನೂ ನುಸುಳಿ ಬರುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪುತ್ತಿವೆ. ಐನ್‌ಸ್ಟೈನ್ ತಪ್ಪು ಎಂದು ಎಲ್ಲ ಕಡೆ ಅಚ್ಚಾಯಿತು. ತಂಡ ಹೇಳಿದ್ದು ಹಾಗಲ್ಲ. ತಿಂಗಳುಗಟ್ಟಲೆ ಹುಡುಕಿದರೂ ನಮ್ಮ ತಪ್ಪು ನಮಗೆ ಸಿಗುತ್ತಿಲ್ಲ, ನೀವೆಲ್ಲ ಪರೀಕ್ಷಿಸಿ ಎಂದು ತಮ್ಮ ಲೆಕ್ಕವನ್ನು ಮುಂದಿಟ್ಟಿದ್ದರು. ಮುಂದಿನ ವರ್ಷ ತಪ್ಪು ಸಿಕ್ಕಿತು. ಜಿಪಿಎಸ್‌ನಿಂದ ಮುಖ್ಯ ಗಡಿಯಾರಕ್ಕೆ ಬೆಳಕಿನ ಸಂಕೇತ ಒಯ್ಯುವ ಎಳೆಯ ತುದಿಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿರಲಿಲ್ಲ. ಆ ಸಡಿಲ ಜೋಡಣೆ ಕಾಲದ ಲೆಕ್ಕ ತಪ್ಪಿಸಿತ್ತು. ಅದೇ ಬೆಟ್ಟದಡಿಯ ಇನ್ನೊಂದು ಪ್ರಯೋಗ ಅಳೆದಾಗ ನ್ಯೂಟ್ರಿನೊ ಬೆಳಕಿನ ವೇಗ ಮೀರಲಿಲ್ಲ.

ತಂಡದ ಇಬ್ಬರು ಮುಂದಾಳುಗಳು ಹುದ್ದೆ ಬಿಟ್ಟರು. ನನಗೆ ಆಗಲೂ ಬೇಸರವಾಗಿತ್ತು, ಈಗಲೂ ಇದೆ. ತಮ್ಮ ತಪ್ಪು ಹುಡುಕಿಕೊಡಿ ಎಂದು ಜಗತ್ತನ್ನೇ ಕೇಳುವ ಎದೆಗಾರಿಕೆ ಇನ್ಯಾವ ವೃತ್ತಿಯಲ್ಲಿದೆ? ಮಾತು ಬದಲಿಸದವರನ್ನು ನಾನು ಹೆಚ್ಚು ನಂಬುವುದಿಲ್ಲ. ಮಾತು ಬದಲಾದಾಗ ಕಾರಣ ಕೊಟ್ಟರೇ, ಯಾವ ಜೋಡಣೆ ಸಡಿಲವಾಗಿತ್ತೆಂದು ತೋರಿಸಿದರೇ ಎಂದು ನೋಡುತ್ತೇನೆ.

ಇಷ್ಟೆಲ್ಲದರಲ್ಲಿ ನಾವೇ ಕಣ್ಣಾರೆ ನೋಡಬಹುದಾದದ್ದು ಏನಾದರೂ ಇದೆಯೇ?

ಇದೆ. 2029ರ ಏಪ್ರಿಲ್ 13, ಶುಕ್ರವಾರ. ಮುನ್ನೂರು ಮೀಟರಿಗೂ ಮಿಕ್ಕಿದ ಅಪೋಫಿಸ್ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ, ಟಿವಿ ಪ್ರಸಾರದ ಉಪಗ್ರಹಗಳಿಗಿಂತಲೂ ಕೆಳಗೆ, ಹಾದುಹೋಗಲಿದೆ. 2004ರಲ್ಲಿ ಅದು ಸಿಕ್ಕ ಹೊಸದರಲ್ಲಿ ಬಡಿಯುವ ಸಾಧ್ಯತೆ ಶೇ 2.7ರವರೆಗೆ ಏರಿ ಬಿದ್ದಿತ್ತು. 2021ರಲ್ಲಿ ರೇಡಾರ್‌ನಿಂದ ಅಳೆದ ಮೇಲೆ, ಮುಂದಿನ ನೂರು ವರ್ಷವಾದರೂ ಅದರಿಂದ ಅಪಾಯವಿಲ್ಲ ಎಂದು ಖಚಿತವಾಗಿದೆ. ಆ ದಿನ ಹತ್ತಿರವಾದಂತೆ ಹೆದರಿಸುವ ಸಂದೇಶಗಳು ಬಂದೇ ಬರುತ್ತವೆ, ಆಗ ಈ ಉತ್ತರವನ್ನು ಕಳಿಸಿಕೊಡಿ. ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದಲ್ಲಿರುವವರಿಗೆ, ಮೋಡವಿಲ್ಲದಿದ್ದರೆ, ದೂರದರ್ಶಕವಿಲ್ಲದೆ ಕಾಣುತ್ತದೆ: ನಕ್ಷತ್ರದಂಥ ಒಂದು ಚುಕ್ಕೆ, ಬೇರೆ ನಕ್ಷತ್ರಗಳ ನಡುವೆ ಮೆಲ್ಲಗೆ ಸರಿಯುತ್ತಾ ಹೋಗುತ್ತದೆ.